ಬಾಜೂ ಮನೆಯವರಿಗೆ ಒಂದು ಮಾತು

ಕಮಲಾಪುರ

ಪರದೇಶಕ್ಕೆ ಹೋಗಿ ಬಂದವರು ಊರಿಗೆ ಏನಾದರೂ ಹೊತ್ತು ತರುತ್ತಾರೆ. ನಾನು ಮತ್ತು ನನ್ನ ಸೋದರಮಾವ ದೇವಪ್ಪ, ವೇಲ್ಸ್ ದೇಶದಿಂದ ಎರಡು ಡಬ್ಬಿ ಬಿಸ್ಕತ್ತು ತಂದೆವು. ಉಳಿದದ್ದು ತೋರಿಸುವಂಥದ್ದಲ್ಲ. ಕಲಬುರಗಿಯಲ್ಲಿ ನಾನು ಇಂಗ್ಲಿಷ್ ಕಲಿಸುವ ಕಾಲೇಜಿನಲ್ಲಿ ಎಲ್ಲರೂ ಕೇಳಿದರು, "ಹ್ಯಾಂಗಿತ್ರಿ ಮೇಡಂ ಅಲ್ಲಿ?" ಅಂತ. ಹುಲ್ಲು ಭಾಳ ಹಸಿರು, ಮಳೆ ನಿಲ್ಲುವುದೇ ಇಲ್ಲ ಎಂದು ಹೇಳಿ ಮುಗಿಸಿದೆ. ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇವಪ್ಪ ಮಾಮಾ ಹರೆಯದಲ್ಲಿ ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದರು. ತೊಗರಿ ಚೀಲ ಹೊರುವಾಗಲೇ ಯೇಸುವಿನ ವಿಷಯ ಕೇಳಿ ನಂಬಿದರು. ಅಣ್ಣನ ಹಿಂದೆ ನನ್ನ ಅವ್ವನೂ ನಂಬಿದಳು. ನಾನು ಹುಟ್ಟುವಾಗ ನಮ್ಮದು ಕ್ರೈಸ್ತರ ಮನೆಯಾಗಿತ್ತು. ಮಾಮಾ ಮದುವೆಯಾಗಿ ಹತ್ತಿರದ ಕಮಲಾಪುರಕ್ಕೆ ಹೋದ ಮೇಲೆ ಸೈಕಲ್ ಮೇಲೆ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಕಟ್ಟೆಯ ಮೇಲೆ ಕೂತವರ ಜೊತೆ ಕೂತು, ತಮಗೆ ಆದದ್ದನ್ನು ಹೇಳುತ್ತ ಬಂದರು. ಜನ ಅವರನ್ನು ಮಾಸ್ತರ ಎಂದು ಕರೆಯುತ್ತಿದ್ದರು. ನಂಬಿದವರು ಕೆಲವೇ ಮನೆಗಳವರು. ಬಸವರಾಜಪ್ಪ ಎಂಬ ಗೊಬ್ಬರದ ಅಂಗಡಿಯವರು ಅಂಗಡಿಯ ಹಿಂದಿನ ಖೋಲಿಯನ್ನು ಬಾಡಿಗೆಗೆ ಕೊಟ್ಟಿದ್ದರು. ಭಾನುವಾರ ಅಲ್ಲಿ ಆರಾಧನೆ.

ಇತ್ತೀಚೆಗೆ ಕಾಲ ಬೇರೆಯಾಗಿತ್ತು. ಮಾಮಾ ಜನರನ್ನು ಮತಾಂತರ ಮಾಡುತ್ತಾರೆ ಎಂದು ಯಾರೋ ದೂರು ಕೊಟ್ಟರು. ಠಾಣೆಯವರು ಕರೆಸಿ, ಕೂಡಿಸಿ, ವಿಚಾರಿಸಿ ಕಳಿಸಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆವತ್ತಿನಿಂದ ಮಾಮಾ ಸೈಕಲ್ ಹತ್ತಲಿಲ್ಲ. ಖೋಲಿಯ ಕಿಟಕಿ ಮುಚ್ಚಿ, ಢೋಲಕ್ ಇಲ್ಲದೆ, ಸಣ್ಣ ದನಿಯಲ್ಲಿ ಹಾಡುವುದು ಶುರುವಾಯಿತು.

ಅಂಥ ಹೊತ್ತಿಗೆ ವೇಲ್ಸ್‌ನಿಂದ ಗ್ವೆನ್ ಎಂಬ ಹೆಂಗಸಿನ ಕರೆ ಬಂತು. ಬಹಳ ಹಿಂದೆ ಅವರೂ ಅವರ ಗಂಡನೂ ಕಲಬುರಗಿಗೆ ಬಂದು ನಮ್ಮ ಮನೆಯಲ್ಲಿ ಇಳಿದು, ಮಾಮನ ಜೊತೆ ಹಳ್ಳಿ ತಿರುಗಿದ್ದರು. ಈಗ ಗಂಡ ತೀರಿಕೊಂಡಿದ್ದರು. "ನಮ್ಮ ಊರಿನ ವಿಶ್ವಾಸಿಗಳು ತಮ್ಮ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳುವುದನ್ನೇ ಮರೆತಿದ್ದಾರೆ. ದೇವಪ್ಪ ಬಂದು ನಾಲ್ಕು ಮಾತು ಹೇಳಿ ಧೈರ್ಯ ತುಂಬಲಿ, ನೀನು ಅನುವಾದ ಮಾಡು" ಎಂದರು.

ಮಾಮಾ ಕೇಳಿ ತಲೆ ಅಲ್ಲಾಡಿಸಿದರು. "ನಾನೇ ಇಲ್ಲಿ ಬಾಯಿ ಮುಚ್ಚಿ ಕುಂತೀನಿ, ಸುಲೂ. ಅಲ್ಲಿ ಹೋಗಿ ಬಾಯಿ ತೆರೀರಿ ಅಂತ ಹ್ಯಾಂಗ ಹೇಳ್ಲಿ?"

"ಅಲ್ಲಿ ನಿಮಗ ಬ್ಯಾಡ ಅನ್ನವ್ರು ಯಾರೂ ಇಲ್ಲ ಮಾಮಾ. ಒಮ್ಮೆ ಮನಸ್ ಬಿಚ್ಚಿ ಮಾತಾಡಿ ಬರ್ರಿ" ಎಂದೆ.

ಆ ಮಾತಿಗೆ ಅವರು ಒಪ್ಪಿದರು. ನನ್ನ ಬಗ್ಗೆ ಹೇಳುವುದಾದರೆ, ನಾನು ಮಾಮನ ಹಾಗೆ ಹೇಳುವವಳಲ್ಲ. ಕ್ರಿಸ್ಮಸ್‌ಗೆ ಸ್ಟಾಫ್ ರೂಮಿಗೆ ಕೇಕ್ ಒಯ್ಯುತ್ತೇನೆ. ಅದೇ ನನ್ನ ಸಾಕ್ಷಿ.

ಹೈದರಾಬಾದ್

ವಿಮಾನ ನಿಲ್ದಾಣದಲ್ಲಿ ಮಾಮನ ಕೈಚೀಲ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ತಪಾಸಣೆಯವನು ತೆರೆಸಿದ. ಒಳಗೆ ಹಳೆಯ ಧೋತರದಲ್ಲಿ ಸುತ್ತಿದ ಕಮಲಾಪುರದ ಕೆಂಪು ಬಾಳೆಹಣ್ಣು. ಗ್ವೆನ್ ನಮ್ಮಲ್ಲಿಗೆ ಬಂದಾಗ ಅದನ್ನು ಇಷ್ಟಪಟ್ಟು ತಿಂದಿದ್ದರಂತೆ.

"ಯೇ ಕ್ಯಾ ಹೈ ಚಾಚಾ, ಲಾಲ್ ಕೇಲಾ?" ಎಂದ ಅವನು.

"ಹಮಾರೇ ಗಾಂವ್ ಕಾ ಹೈ ಬೇಟಾ. ಲೇವ್, ಏಕ್ ಖಾವ್."

ನಮ್ಮೂರಿನದು, ಒಂದು ತಿನ್ನು ಎಂದದ್ದಕ್ಕೆ ಅವನು ನಕ್ಕು ಬೇಡವೆಂದ. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ಮಾಮನ ಮುಖ ಅರಳಿತು. ಯಾರಾದರೂ ಹಾಗೆ ಕೇಳಿದರೆ ಸಾಕು, ಅಲ್ಲಿಂದ ಯೇಸುವಿನವರೆಗೆ ಅವರಿಗೆ ದಾರಿ ಹತ್ತಿರ. "ಬೇಟಾ, ಮೈ..." ಎಂದು ಶುರು ಮಾಡಿ, ಸುತ್ತ ನೋಡಿದರು. ಸಮವಸ್ತ್ರದವರು, ಸಾಲು, ಗಾಜಿನ ಗೋಡೆ. "ರಿಷ್ತೇದಾರೋಂ ಕೇ ಪಾಸ್" ಎಂದರು. ನೆಂಟರಲ್ಲಿಗೆ. ಚೀಲ ಎತ್ತಿಕೊಂಡು ನನಗಿಂತ ಮುಂದೆ ನಡೆದರು.

ವೇಲ್ಸ್, ಗ್ವೆನ್ ಅವರ ಮನೆ

ಗ್ವೆನ್ ಅವರ ಊರು ಗುಡ್ಡದ ಬುಡದಲ್ಲಿದೆ. ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಮೇಲೆ ನಮ್ಮ ಶಹಾಬಾದ್ ಕಲ್ಲಿನಂಥ ಕರಿ ಕಲ್ಲಿನ ಹಾಸು. ಮಾಮಾ ಅದನ್ನು ನೋಡಿ ಖುಷಿಪಟ್ಟರು. "ನಮ್ಮಲ್ಲಿ ನೆಲಕ್ಕ ಹಾಸ್ತಾರ, ಇವ್ರು ನೆತ್ತಿ ಮ್ಯಾಲ ಹಾಸ್ಯಾರ" ಎಂದರು.

ಬಾಳೆಹಣ್ಣು ಮಾತ್ರ ಹಾಳಾಗಿತ್ತು. ಚೀಲ ಬಿಚ್ಚಿದರೆ ಸಿಪ್ಪೆಯೆಲ್ಲ ಕಪ್ಪು. ಮಾಮಾ ಅದನ್ನು ಹಿಂದಕ್ಕೆ ಸರಿಸಿ ಅಡಗಿಸಿಡಲು ನೋಡಿದರು. ಗ್ವೆನ್ ಕಸಿದುಕೊಂಡರು. ಕಪ್ಪಾದ ಬಾಳೆಹಣ್ಣೆಂದರೆ ಅವರಲ್ಲಿ ಕೇಕಿಗೆ ಹದವಾದದ್ದೆಂದು ಅರ್ಥ. ಸಂಜೆ ಹಿಟ್ಟು ಸಕ್ಕರೆ ಕಲಸಿ ಬೇಯಿಸಿ, ತೆಳ್ಳಗೆ ಕೊಯ್ದು ತಟ್ಟೆಯಲ್ಲಿಟ್ಟರು. ಮಾಮಾ ಒಂದು ತುಂಡು ತಿಂದು ನನ್ನ ಕಿವಿಯಲ್ಲಿ, "ಇದ್ರಾಗ ನಮ್ಮ ಹಣ್ಣಿನ ಗುರ್ತೇ ಹತ್ತವಲ್ದು" ಎಂದರು. ಏನು ಹೇಳಿದರೆಂದು ಗ್ವೆನ್ ಕೇಳಿದರು. ಬಹಳ ರುಚಿಯಾಗಿದೆಯಂತೆ ಎಂದೆ. ಅನುವಾದದ ನನ್ನ ಮೊದಲ ಸುಳ್ಳು ಅದು.

ಮರುದಿನ ಊರು ತೋರಿಸಲು ಕರೆದೊಯ್ದರು. ಅಲ್ಲಿಯವರಿಗೆ ನಾವು ಮೈ ತಾಗಿಸಿದರೂ ಅವರೇ ಕ್ಷಮಿಸಿ ಎನ್ನುತ್ತಾರೆ. ದಾರಿಯಲ್ಲಿ ನಾಯಿ ಕಂಡರೆ ಬಗ್ಗಿ ಅದರ ಯೋಗಕ್ಷೇಮ ವಿಚಾರಿಸುತ್ತಾರೆ, ಹಗ್ಗ ಹಿಡಿದವನ ಜೊತೆ ಮಾತ್ರ ಮಳೆಯ ವಿಷಯ. ದೇವಾಲಯಗಳು, ಅಂದರೆ ಚರ್ಚುಗಳು, ಓಣಿಗೊಂದು. ಒಂದರಲ್ಲಿ ಈಗ ಜಮಖಾನೆ ಮಾರುತ್ತಿದ್ದರು. ಇನ್ನೊಂದನ್ನು ಮನೆಗಳಾಗಿ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಮೂರನೆಯದರ ಕಿಟಕಿಯಲ್ಲಿ ಮಾಮಾ ಇಣುಕಿದರು. ಬೋಧನೆಯ ಪೀಠ ಇದ್ದಿರಬಹುದಾದ ಗೋಡೆಗೆ ಬಣ್ಣಬಣ್ಣದ ಹಿಡಿಗಳನ್ನು ಬಡಿದಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಹುಡುಗಿಯೊಬ್ಬಳು ಅವನ್ನು ಹಿಡಿದು ಹತ್ತುತ್ತಿದ್ದಳು.

"ಮ್ಯಾಲ ಹೋಗಿ ಏನ್ ಮಾಡ್ತಾಳ?" ಎಂದರು ಮಾಮಾ.

"ವ್ಯಾಯಾಮ, ಮಾಮಾ. ಮತ್ತ ಕೆಳಗ ಇಳೀತಾಳ."

ಅವರು ಆ ಹುಡುಗಿ ಇಳಿಯುವವರೆಗೂ ಮಳೆಯಲ್ಲಿ ನಿಂತು ನೋಡಿದರು. ಆಮೇಲೆ ಗ್ವೆನ್ ಕಡೆ ತಿರುಗಿ, ಇಲ್ಲಿ ಯೇಸುವಿನ ಹೆಸರು ಹೇಳಬಾರದೆಂದು ಏನಾದರೂ ಕಾನೂನು ಇದೆಯೇ ಎಂದು ಕೇಳಿದರು.

"ಕಾನೂನು ಏನೂ ಇಲ್ಲ" ಎಂದರು ಗ್ವೆನ್. "ಆದರೆ ಇನ್ನೊಬ್ಬರ ಮುಂದೆ ಅದನ್ನು ಎತ್ತುವುದು ಮರ್ಯಾದೆ ಅಲ್ಲ ಅಂತ ಎಲ್ಲರ ಮನಸ್ಸಿನಲ್ಲಿದೆ. ನನ್ನ ಪಕ್ಕದ ಮನೆಯ ಆಲನ್ ನನಗೆ ಮೂವತ್ತು ವರ್ಷದ ಪರಿಚಯ. ನಾನು ಭಾನುವಾರ ಎಲ್ಲಿಗೆ ಹೋಗುತ್ತೇನೆ ಅನ್ನುವುದು ಅವನಿಗೆ ಗೊತ್ತು. ಯಾಕೆ ಹೋಗುತ್ತೇನೆ ಅಂತ ಅವನು ಕೇಳಿಲ್ಲ, ನಾನು ಹೇಳಿಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮಾಮಾ ಅಂದರು: "ನಮ್ಮಲ್ಲಿ ಹೇಳಾಕ ಅಂಜಿಕಿ. ಇಲ್ಲಿ ಹೇಳಾಕ ನಾಚಿಕಿ."

ಬೇಲಿಯ ಹತ್ತಿರ

ಆಲನ್‌ನನ್ನು ನಾವೂ ಕಂಡೆವು. ಗ್ವೆನ್ ಪೇಟೆಗೆ ಹೋಗಿದ್ದಾಗ ಮಾಮಾ ಹಿತ್ತಲಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿದ್ದರು. ಬಿಸಿಲೆಂದರೆ ನಮ್ಮ ಊರಿನದಲ್ಲ, ನೀರು ಬೆರೆಸಿದ ಮಜ್ಜಿಗೆಯಂಥದ್ದು. ಬೇಲಿಯ ಆಚೆ ವಯಸ್ಸಾದ ಗಂಡಸೊಬ್ಬ ಗುಲಾಬಿ ಕತ್ತರಿಸುತ್ತಿದ್ದ. ತಾನೇ ಮಾತಿಗೆ ಬಂದ. ಹೆಂಡತಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಗಿಡ ಅವಳದು, ಎಲ್ಲಿ ಕತ್ತರಿಸಬೇಕೆಂದು ತನಗೆ ತಿಳಿಯುವುದಿಲ್ಲ ಎಂದ.

ಮಾಮಾ ಬೇಲಿಯ ಮೇಲೆ ಕೈಯಿಟ್ಟರು. "ಇವ್ಗ ಹೇಳು ಸುಲೂ. ನಮ್ಮಾಕಿ ಹೋದಾಗ ನನಗೂ ಒಲಿ ಹಚ್ಚಾಕ ಬರ್ತಿದ್ದಿಲ್ಲ. ಮನಿಯೊಳಗ ಕೂಡಾಕ ಆಗ್ತಿದ್ದಿಲ್ಲ. ನನ್ನ ಬಾಜೂ ಯೇಸುಸ್ವಾಮಿ ಕುಂತ. ಇದು ನಾ ಕೇಳಿದ್ದಲ್ಲ, ನನಗ ಆದದ್ದು. ನಾಳೆ ಆಕೀನ ನೋಡ್ತೀನಿ ಅನ್ನೂ ನಂಬಿಗಿ ಅದ ನನಗ. ಇವಗೂ ಅದು ಸಿಗ್ತದ, ಬೇಕಂದ್ರ."

ಆ ಮಾತುಗಳನ್ನು ನಾನು ಹಿಂದೆಂದೂ ಇನ್ನೊಬ್ಬರಿಗೆ ಹೇಳಿದವಳಲ್ಲ. ಇಂಗ್ಲಿಷಿನಲ್ಲಿ, ಬೇರೆಯವರ ಮಾತಾಗಿ, ಸರಾಗವಾಗಿ ಬಂದವು. ಆಲನ್ ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದ. ಕಣ್ಣು ಒದ್ದೆಯಾದಂತೆ ಕಂಡಿತು. ಅವನು ನಕ್ಕು, "ಅದು ನಿಮಗೆ ಒಳ್ಳೆಯದಾಯಿತು, ಸಂತೋಷ" ಎಂದ. ಮೋಡ ಬರುತ್ತಿದೆ ಎಂದ. ಕತ್ತರಿ ಎತ್ತಿಕೊಂಡು ಒಳಗೆ ಹೋದ.

"ಏನಂದ?" ಎಂದರು ಮಾಮಾ.

"ನಿಮಗ ಒಳ್ಳೇದಾತು ಅಂತಂದ."

"ಮತ್ತ?"

"ಅಷ್ಟ."

ಮಾಮಾ ಬೇಲಿಯಿಂದ ಕೈ ತೆಗೆಯಲಿಲ್ಲ. "ನಮ್ಮ ಹಳ್ಯಾಗ ನನಗ ಬೈದಾರ. ನಾಯಿ ಬಿಟ್ಟಾರ. ಒಬ್ಬ ಅಜ್ಜ ಇಡೀ ಮಧ್ಯಾಹ್ನ ಶರಣರ ವಚನ ಹೇಳಿ ನನ್ನ ಮಾತು ತಪ್ಪು ಅಂತ ವಾದಾ ಮಾಡಿ, ಕಡೀಗೆ ಮಜ್ಜಿಗಿ ಕುಡಿಸಿ ಕಳ್ಸ್ಯಾನ. ಅವ್ರೆಲ್ಲ ಅದನ್ನ ಒಂದು ಮಾತು ಅಂತ ಹಿಡದ್ರು. ಇಂವ ಗುಳಿಗಿ ಕೊಟ್ಟಂಗ ಇಸ್ಕೊಂಡು ಕಿಸೇದಾಗ ಇಟ್ಕೊಂಡ."

ಶನಿವಾರ

ಸಭೆ ಭಾನುವಾರ ಮಧ್ಯಾಹ್ನಕ್ಕೆ ಇತ್ತು. ಶನಿವಾರ ಬೆಳಿಗ್ಗೆ ಮಾಮನ ಮಗಳು ಶಾಂತಾ ಕಮಲಾಪುರದಿಂದ ನನ್ನ ಫೋನಿಗೆ ಕರೆ ಮಾಡಿದಳು. ದನಿ ಗಟ್ಟಿಯಾಗಿರಲಿಲ್ಲ.

"ಅಕ್ಕಾ, ಬಸವರಾಜಪ್ಪನವರು ಖೋಲಿ ಕೀಲಿ ತಗೊಂಡ್ ಹೋದ್ರು. ಬೆಂಚು ನಮ್ಮ ಪಡಸಾಲ್ಯಾಗ ತಂದು ಇಡಿಸ್ಯಾರ. ಅಪ್ಪಗ ಅಲ್ಲಿ ಇರೂತನಾ ಹೇಳಬ್ಯಾಡ್ರಿ ಅಂದ್ರು. ನನಗ ತಡೀವಲ್ದು."

"ಜಗಳಾ ಆತೇನು?"

"ಜಗಳಾ ಇಲ್ಲಕ್ಕಾ. ಕೈ ಮುಗುದು ಕೇಳ್ಯಾರ. ನಾ ಏನನ್ಲಿ?"

ಹೇಳದೆ ಇರಬೇಕೆಂದುಕೊಂಡೆ. ಆದರೆ ಮಾಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಹಾರ್ಮೋನಿಯಂ ಎಲ್ಲಿ ಇಟ್ಟಾರಂತ?" ಎಂದು ಮಾತ್ರ ಕೇಳಿದರು. ಆವತ್ತು ಗ್ವೆನ್ ಬಡಿಸಿದ್ದನ್ನು ಅವರು ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ನಾನು ಅನುವಾದಿಸಿದೆ.

ಭಾನುವಾರ

ಸುತ್ತಲಿನ ನಾಲ್ಕು ದೇವಾಲಯಗಳವರು ಒಂದಾಗಿ ಸೇರಿದ್ದರು. ಆದರೂ ಬೆಂಚುಗಳು ಬಹಳ ಖಾಲಿ. ಎಲ್ಲರೂ ಮುದುಕರು, ಒಬ್ಬರಿಂದ ಒಬ್ಬರು ದೂರದೂರ ಕೂತಿದ್ದರು. ಹಾಡು ಮಾತ್ರ ದೊಡ್ಡದಾಗಿತ್ತು. ವೆಲ್ಷ್ ಭಾಷೆಯಲ್ಲಿ, ನಾಲ್ಕು ಸ್ವರ ಕೂಡಿಸಿ, ಗೋಡೆ ಗುಂಯ್‌ಗುಡುವಂತೆ ಹಾಡಿದರು. ಕಿಟಕಿ ತೆರೆದೇ ಇತ್ತು. ಮಾಮಾ ಕಿಟಕಿಯನ್ನೇ ನೋಡುತ್ತಿದ್ದರು.

ಅವರು ಎದ್ದು ನಿಂತರು. ನಾನು ಪಕ್ಕದಲ್ಲಿ.

"ನಾ ಹರೇದಾಂವ ಇದ್ದಾಗ ಗಂಜಿನ್ಯಾಗ ಚೀಲಾ ಹೊರತಿದ್ದೆ. ಅಲ್ಲಿ ನನ್ನ ಹೆಸರು ಯಾರಿಗೂ ಬೇಕಾಗಿದ್ದಿಲ್ಲ. ಏ ಹಮಾಲ ಅಂತಿದ್ರು. ಒಂದಿನ ಚೀಲಾ ಜಾರಿ ಕಾಲ ಮ್ಯಾಲ ಬಿತ್ತು. ಲಾಜರ ಅಂತ ಇನ್ನೊಬ್ಬ ಹಮಾಲ, ನನ್ನ ನೆಳ್ಳಾಗ ಕೂಡ್ಸಿ, ತನ್ನ ರೊಟ್ಟಿ ಮುರದು ಕೊಟ್ಟ. ಆಮ್ಯಾಲ ಕಣ್ಣು ಮುಚ್ಚಿ, ಯೇಸುಸ್ವಾಮಿ, ಈ ದೇವಪ್ಪನ ಕಾಲು ನೋಡಪ್ಪ ಅಂದ. ನನ್ನ ಹೆಸರು ದೇವರ ಮುಂದ ಇನ್ನೊಬ್ಬ ಹೇಳಿದ್ದು ನಾ ಅವತ್ತೇ ಕೇಳಿದ್ದು. ಇವ ಯಾರು, ನನ್ನ ಹೆಸರು ಹೇಳಿದ್ರ ಕೇಳವ ಅಂತ ನಾ ಅವನ್ನ ಕೇಳ್ದೆ. ಅವ ಹೇಳ್ದ. ಲಾಜರ ಸುಮ್ಮನ ಇದ್ದಿದ್ರ ನಾ ಇವತ್ತಿಗೂ ಬರೇ ಹಮಾಲನೇ."

ಅನುವಾದಿಸುವಾಗ ನಾನು 'ನಾನು' ಎಂದೇ ಹೇಳಬೇಕಾಗಿತ್ತು. ನಾನು ಚೀಲ ಹೊರುತ್ತಿದ್ದೆ, ನನ್ನ ಹೆಸರು, ನಾನು ಕೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಒಡೆಯಿತು. ಮುದುಕರು ಕರವಸ್ತ್ರ ತೆಗೆದರು. ಇಲ್ಲಿಗೇ ನಿಲ್ಲಿಸಿದರೆ ಸಾಕಿತ್ತು. ಬಂದ ಕೆಲಸ ಆಗುತ್ತಿತ್ತು.

ಮಾಮಾ ನಿಲ್ಲಿಸಲಿಲ್ಲ. "ಇಷ್ಟ ಹೇಳಿ ನಿಮಗ ಧೈರ್ಯ ಹೇಳಬೇಕಂತ ಬಂದಿದ್ದೆ. ಆದ್ರ ನಮ್ಮ ಪ್ರಾರ್ಥನಾ ಮಾಡೂ ಖೋಲಿ ನಿನ್ನಿ ಹೋತು. ನಾ ಸೈಕಲ್ ಹತ್ತಿ ಭಾಳ ದಿನ ಆತು. ನನಗೇ ಧೈರ್ಯ ಇಲ್ಲ. ಧೈರ್ಯ ಇಲ್ದಾವ ನಿಮಗ ಹ್ಯಾಂಗ ಕೊಡ್ಲಿ?"

ಮೆತ್ತಗೆ ಮಾಡಿ ಹೇಳಬಹುದಾಗಿತ್ತು. ಈ ಸಲ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಂದೆ.

ಆಮೇಲೆ ಪಕ್ಕದ ಕೋಣೆಯಲ್ಲಿ ಚಹಾ. ಎಲ್ಲರೂ ಬಂದು ಮಾಮನ ಕೈ ಹಿಡಿದು, ಮನಸ್ಸು ಕಲಕಿತು ಎಂದರು. ಹಿರಿಯರೊಬ್ಬರು, ನಾವು ಹಣ ಕೂಡಿಸುತ್ತೇವೆ, ನಿಮ್ಮ ಊರಲ್ಲಿ ಸ್ವಂತ ಖೋಲಿ ಕಟ್ಟಿಕೊಳ್ಳಿ ಎಂದರು. ನಾಲ್ಕಾರು ಜನ ಆಗಲೇ ತಲೆಯಾಡಿಸಿದರು. ಒಳ್ಳೆಯ ಮನಸ್ಸಿನ ಜನ.

ಮಾಮಾ ಎರಡೂ ಕೈ ಜೋಡಿಸಿದರು. "ರೊಕ್ಕ ಬ್ಯಾಡ್ರಿ. ಹೇಳೂದು ನನ್ನ ಕೈಲೆ ಈಗ ಆಗವಲ್ದು. ನಿಮಗ ಇಲ್ಲಿ ತಡೆಯವ್ರು ಯಾರೂ ಇಲ್ಲ. ಮನೀಗಿ ಹೋಗಿ ಬಾಜೂ ಮನಿಯವ್ರಿಗಿ ಒಂದು ಮಾತು ಹೇಳ್ರಿ. ಅಷ್ಟ ಕೊಡ್ರಿ ನಮಗ."

ನಾನು ಹೇಳಿದೆ. ಹಿರಿಯರು ಹೌದೌದು ಎಂದರು. ಕಪ್ಪುಗಳನ್ನು ತಟ್ಟೆಯ ಮೇಲೆ ಇಟ್ಟರು. ಒಬ್ಬೊಬ್ಬರೇ ಕೋಟು ಹುಡುಕತೊಡಗಿದರು.

ಮರುದಿನ ನಮ್ಮನ್ನು ರೈಲಿಗೆ ಬಿಡಲು ಕಾರು ನಡೆಸುತ್ತ ಗ್ವೆನ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು: "ನಿನ್ನೆ ಮನೆಗೆ ಬಂದವಳೇ ಆಲನ್ ಗೇಟಿನವರೆಗೆ ಹೋದೆ. ಅವನು ಹೊರಗೆ ಬಂದ. ನಿನ್ನ ಕಸದ ಡಬ್ಬಿ ಒಳಗೆ ತಂದಿಡಲೇ ಎಂದು ಕೇಳಿದೆ. ಅಷ್ಟೇ ನನ್ನಿಂದ ಆದದ್ದು. ದೇವಪ್ಪನಿಗೆ ಇದನ್ನು ಹೇಳಬೇಡ."

ಮಾಮಾ ಹಿಂದಿನ ಸೀಟಿನಲ್ಲಿದ್ದರು. ಏನಂತಾರ ಎಂದರು. ಮತ್ತೆ ಬರಬೇಕಂತ ಎಂದೆ.

ಮತ್ತೆ ಕಮಲಾಪುರ

ಕಲಬುರಗಿಯ ಕುಸನೂರಿನ ನನ್ನ ಮನೆಯಲ್ಲಿ ಒಂದು ದಿನ ಇದ್ದು ಮಾಮನನ್ನು ಊರಿಗೆ ಕರೆದುಕೊಂಡು ಹೋದೆ. ಶಾಂತಾಳ ಪಡಸಾಲೆಯಲ್ಲಿ ಬೆಂಚುಗಳು ಒಂದರ ಮೇಲೊಂದು ಕೂತಿದ್ದವು. ಮೇಲೆ ಹಪ್ಪಳ ಒಣಹಾಕಿದ್ದಳು. ನಮ್ಮನ್ನು ಕಂಡು ಗಡಿಬಿಡಿಯಿಂದ ತೆಗೆದಳು. ಖೋಲಿಯಲ್ಲಿ ಆಗಲೇ ಗೊಬ್ಬರದ ಚೀಲ ತುಂಬಿತ್ತು.

ಭಾನುವಾರ ಎರಡು ಮನೆಯವರು ಬಂದರು. ಉಳಿದವರು, ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಮಾಮಾ ಒಂದು ಕೀರ್ತನೆ ಓದಿದರು, ಬೋಧನೆ ಮಾಡಲಿಲ್ಲ.

ಮಧ್ಯಾಹ್ನ ಬಸವರಾಜಪ್ಪನವರು ಬಂದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎನ್ನುವಂತೆ ನಿಂತರು. ಮಾಮಾ ಎದ್ದು ಕರೆದು ಕೂಡಿಸಿದರು. ಶಾಂತಾ ವೇಲ್ಸ್‌ನ ಬಿಸ್ಕತ್ತು, ಚಹಾ ತಂದಿಟ್ಟಳು.

"ತಪ್ಪು ತಿಳ್ಕೋಬ್ಯಾಡ್ರಿ ಮಾಸ್ತರ್ರ" ಎಂದರು ಅವರು. "ನನ್ನ ಮನಸಿನ್ಯಾಗ ಏನೂ ಇಲ್ರಿ. ದಿನಾ ಯಾರರೇ ಅಂಗಡಿಗಿ ಬಂದು ನಿಂತು ಕೇಳಾಕತ್ತಿದ್ರು. ನಾ ವ್ಯಾಪಾರದಾಂವ."

"ಗೊತ್ತದ್ರಿ. ನೀವು ಇಷ್ಟ್ ದಿನ ಕೊಟ್ಟಿದ್ದೇ ದೊಡ್ಡದು."

"ನೀವು ಹೋದಲ್ಲಿ ಎಲ್ಲಾ ನಿಮ್ಮವ್ರೇ ಇರ್ತಾರಲ್ರಿ? ಊರ ತುಂಬಾ ನಿಮ್ಮ ಗುಡಿನೇ ಇರಬೇಕು."

"ಗುಡಿ ಭಾಳ ಅವ್ರಿ" ಎಂದರು ಮಾಮಾ.

ಬಸವರಾಜಪ್ಪನವರು ಚಹಾ ಮುಗಿಸಿದರು. ಏಳಲಿಲ್ಲ. ಬೆಂಚುಗಳನ್ನು ನೋಡುತ್ತ ಹೇಳಿದರು: "ಒಂದು ಮಾತು ಕೇಳ್ತೀನ್ರಿ. ಇಷ್ಟು ವರ್ಷ ಗ್ವಾಡಿ ಆಚೀಗೆ ನಾ ಗಿರಾಕಿ ನೋಡ್ತಿದ್ದೆ, ಈಚೀಗೆ ನೀವು ಹಾಡ್ತಿದ್ರಿ. ಒಮ್ಮೊಮ್ಮೆ ಅಳ್ತಿದ್ರಿ. ಮಂದಿ ಬಂದು ಅವ್ರು ಒಳಗ ಏನ್ ಹೇಳ್ತಾರ ಅಂದ್ರ ನನಗ ಹೇಳಾಕ ಬರ್ಲಿಲ್ಲ. ನಾ ಒಂದಿನರೇ ಕೇಳಿದಾಂವ ಅಲ್ಲ. ಈಗ ಖರೇನೇ ಕೇಳ್ತೀನಿ. ಏನ್ರಿ ಅದು?"

ಇಂಥ ಪ್ರಶ್ನೆಗಾಗಿ ಮಾಮಾ ಬಿಸಿಲಲ್ಲಿ ಎಷ್ಟೋ ಹಳ್ಳಿಗೆ ಸೈಕಲ್ ತುಳಿದಿದ್ದರು. ಅಲ್ಲಿ ಕೇಳದವರಿಗೂ ಹೇಳಿದ್ದರು. ನಾನು ಅವರ ಮುಖ ನೋಡಿದೆ. ಅವರು ಬಾಗಿಲಾಚೆ ಓಣಿಯ ಕಡೆ ನೋಡುತ್ತಿದ್ದರು. ಅಲ್ಲಿ ಯಾರೋ ಇಬ್ಬರು ಬೈಕ್ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು.

"ಏನಿಲ್ರಿ" ಎಂದರು ಮಾಮಾ. "ಹಾಡು ಹೇಳ್ತಿದ್ವಿ. ಅಷ್ಟ."

ಬಸವರಾಜಪ್ಪನವರು ನನ್ನ ಕಡೆ ತಿರುಗಿದರು. "ನೀವರೇ ಹೇಳ್ರಿ ಮೇಡಂ. ಓದಿದವ್ರು ನೀವು."

ಲಾಜರನ ಕಥೆ ನನ್ನ ಬಾಯಲ್ಲೇ ಇತ್ತು. ಒಂದು ವಾರದ ಹಿಂದೆ ಇಂಗ್ಲಿಷಿನಲ್ಲಿ, ನಾನು ನಾನು ಎಂದು, ಕಣ್ಣೀರು ತುಂಬಿಕೊಂಡು ಹೇಳಿದ್ದೆ. ಈಗ ನನ್ನದೇ ಭಾಷೆಯಲ್ಲಿ, ಕೇಳಬೇಕೆಂದು ಕೂತ ಒಬ್ಬನೇ ಒಬ್ಬನಿಗೆ ಹೇಳಬೇಕಾಗಿತ್ತು.

"ಪ್ರಾರ್ಥನಾ ರೀ" ಎಂದೆ. "ಎಲ್ಲಾರಿಗೂ ಒಳ್ಳೇದಾಗಲಿ ಅಂತ."

ಅವರು ಇನ್ನೂ ಏನೋ ಬರಬಹುದೆಂದು ಸ್ವಲ್ಪ ಕಾದರು. ಬರಲಿಲ್ಲ. ಕೈ ಮುಗಿದು ಎದ್ದರು.

ಅವರು ಹೋದ ಮೇಲೆ ಮಾಮಾ ತಲೆ ಎತ್ತದೆ ಹೇಳಿದರು: "ಇನ್ನೂ ಓಣಿ ದಾಟಿರಂಗಿಲ್ಲ, ಸುಲೂ."

ನಾನು ಬಾಗಿಲಿಗೆ ಹೋದೆ. ಬಸವರಾಜಪ್ಪನವರು ತಿರುವಿನಲ್ಲಿ ಯಾರದೋ ಜೊತೆ ಮಾತಾಡುತ್ತ ನಿಂತಿದ್ದರು. ಕರೆದರೆ ಕೇಳುವಷ್ಟು ಹತ್ತಿರ. ಅವರು ಮಾತು ಮುಗಿಸಿ, ಒಮ್ಮೆ ನಮ್ಮ ಮನೆಯ ಕಡೆ ನೋಡಿ, ಬಿಸಿಲಿಗೆ ಟೋಪಿ ಸರಿಮಾಡಿಕೊಂಡು ಮರೆಯಾಗುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.